ಗಂಜಿ ನುಂಗಿದ ಗೆರೆಗಳು

ಬಟ್ಟೆಗೆ ಗಂಜಿ ಹಾಕಬೇಕಾದ್ದು ಕತ್ತರಿಸುವ ಮೊದಲೋ, ಕತ್ತರಿಸಿದ ಮೇಲೋ? ಲೋಕದ ದೊಡ್ಡ ದೊಡ್ಡ ತಲೆಗಳು ಈ ಪ್ರಶ್ನೆಯನ್ನು ಇನ್ನೂ ಕೈಗೆತ್ತಿಕೊಂಡಿಲ್ಲ. ಯಾವ ಪೇಪರಿನಲ್ಲೂ ಇದು ಬಂದಿಲ್ಲ, ಯಾವ ಸಭೆಯಲ್ಲೂ ಇದರ ಮೇಲೆ ಭಾಷಣ ಆಗಿಲ್ಲ. ಆದರೆ ಆ ಬುಧವಾರ ಮಧ್ಯಾಹ್ನ, ಒಂದು ಮನೆಯ ಮುಂದಿನ ಕೋಣೆಯಲ್ಲಿ, ಇದಕ್ಕಿಂತ ತೂಕದ ವಿಷಯ ಇನ್ನೊಂದಿರಲಿಲ್ಲ.

“ಇದು ಬಟ್ಟೆಯಲ್ಲ, ಮೀನು,” ಅಂದಳು ಅಮ್ಮ.

ಹೊಲಿಗೆ ಮಿಷನ್ನಿನ ಸೂಜಿಯ ಕೆಳಗೆ ತೆಳ್ಳನೆಯ ನೀಲಿ ಬಟ್ಟೆಯ ಒಂದು ಚೂರು ಇತ್ತು. ಈ ಕಡೆ ಒತ್ತಿ ಹಿಡಿದರೆ ಆ ಕಡೆ ಜಾರುತ್ತಿತ್ತು, ಆ ಕಡೆ ಹಿಡಿದರೆ ಮಧ್ಯದಲ್ಲಿ ಉಬ್ಬುತ್ತಿತ್ತು. ಉಳಿದ ಚೂರೊಂದರ ಮೇಲೆ ಅಮ್ಮ ಒಂದು ಗೇಣು ಹೊಲಿದು ನೋಡಿದ್ದಳು. ಆ ಹೊಲಿಗೆ ಎಲೆಯ ಮೇಲೆ ಹುಳ ಹರಿದುಹೋದ ದಾರಿಯಂತೆ ಇತ್ತು.

ಗೋಡೆಗೆ ಒರಗಿ ಕೂತು ಗುಂಡಿ ಹಚ್ಚುತ್ತಿದ್ದ ಅಜ್ಜಿ ‘ನಾನು ಮೊದಲೇ ಹೇಳಿದ್ದೆ’ ಅನ್ನಲಿಲ್ಲ. ಬರೀ ಕೆಮ್ಮಿದಳು.

“ಕೆಮ್ಮಬೇಡಿ ಅತ್ತೆ, ಅರ್ಥ ಆಯ್ತು,” ಅಂದಳು ಅಮ್ಮ.

ಅಜ್ಜಿ ಹೇಳಿದ್ದೇನೆಂದರೆ, ಇಂಥ ಜಾರು ಬಟ್ಟೆಯನ್ನು ಹಾಗೇ ಕತ್ತರಿಸಬಾರದು. ಇಡೀ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಆಗ ಅದು ಕಾಗದದ ಹಾಗೆ ಗರಿಗರಿಯಾಗಿ, ಹೇಳಿದ ಮಾತು ಕೇಳಿಕೊಂಡು ಬಿದ್ದಿರುತ್ತದೆ. ಹೊಲಿದಾದ ಮೇಲೆ ಒಗೆದರೆ ಗಂಜಿ ಹೋಗಿ ಮತ್ತೆ ಮೆತ್ತಗಾಗುತ್ತದೆ. ಅಮ್ಮನಿಗೂ ಇದೆಲ್ಲ ಗೊತ್ತು. ಆದರೆ ಆ ವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕಿಟಕಿ ಪರದೆಗಳೂ ತಲೆಯ ಮೇಲೆ ಕೂತಿದ್ದವು. ಗಂಜಿ ಗಿಂಜಿ ಅಂತ ಕೂರುವಷ್ಟು ಪುರುಸೊತ್ತು ಇರಲಿಲ್ಲ. ಹಾಗೇ ಕತ್ತರಿಸಿಬಿಟ್ಟಿದ್ದಳು.

ಅಜ್ಜಿಯ ಗಂಜಿ ಅಂದರೆ ಪಾತ್ರೆಯಲ್ಲಿ ಕುದಿಯುವಂಥದ್ದು. ಅಮ್ಮನ ಗಂಜಿ ಅಂದರೆ ಅಂಗಡಿಯಿಂದ ಡಬ್ಬಿಯಲ್ಲಿ ಬರುವಂಥದ್ದು, ಮೇಲಿನ ಗುಂಡಿ ಒತ್ತಿದರೆ ಬುಸ್ ಅನ್ನುವಂಥದ್ದು. ಅತ್ತೆ ಸೊಸೆ ಬೇರೆ ಯಾವುದಕ್ಕೂ ಜಗಳ ಆಡುತ್ತಿರಲಿಲ್ಲ. ಆಡಬೇಕಾದದ್ದೆಲ್ಲ ಇದರಲ್ಲೇ ಮುಗಿದುಹೋಗುತ್ತಿತ್ತು. ಅಪ್ಪ ಬಸ್ ಡ್ರೈವರ್. ಗಂಜಿಯ ಮಾತು ಬಂದಾಗೆಲ್ಲ ಅವರಿಗೆ ಡ್ಯೂಟಿ ಇರುತ್ತಿತ್ತು.

ಟೇಬಲ್ ಕೆಳಗೆ ಕೂತು ಅಯಸ್ಕಾಂತದಿಂದ ಗುಂಡುಪಿನ್ನು ಹೆಕ್ಕುತ್ತಿದ್ದ ಹುಡುಗಿಗೆ ಮಾತ್ರ ಎಲ್ಲೂ ಹೋಗುವಂತಿರಲಿಲ್ಲ. ಅವಳನ್ನು ಎಲ್ಲರೂ ಬಾಬಿನ್ ಅನ್ನುತ್ತಿದ್ದರು. ಬಾಬಿನ್ ಅಂದರೆ ಮಿಷನ್ನಿನ ಹೊಟ್ಟೆಯೊಳಗೆ ಕೂತು ತಿರುಗುವ ದಾರದ ಪುಟ್ಟ ಉರುಳೆ. ಇವಳೂ ಅಂಬೆಗಾಲಿಡುವಾಗಿನಿಂದ ಮಿಷನ್ನಿನ ಕಾಲ ಬುಡದಲ್ಲೇ ಉರುಳಾಡಿ ಬೆಳೆದವಳು. ಸ್ಕೂಲಿನಲ್ಲಿ ಬೇರೆ ಹೆಸರಿತ್ತು. ಹಾಜರಿ ಕರೆಯುವಾಗ ಒಮ್ಮೊಮ್ಮೆ ಅವಳಿಗೇ ಅದು ತನ್ನ ಹೆಸರು ಅಂತ ನೆನಪಾಗುತ್ತಿರಲಿಲ್ಲ.

ಆ ನೀಲಿ ಬಟ್ಟೆ ಅವಳ ಕ್ಲಾಸ್ ಟೀಚರದ್ದು. ಟೀಚರ ಅಕ್ಕ ಎಲ್ಲೋ ದೂರದ ಊರಿನಿಂದ ತಂದುಕೊಟ್ಟದ್ದು. ಒಂದು ಅಂಗಿಗೆ ಸರಿಯಾಗಿ ಆಗುವಷ್ಟೇ ಇತ್ತು. ಶನಿವಾರ ಕ್ಲಾಸ್ ಫೋಟೋ. ಅವತ್ತು ಇದನ್ನೇ ಹಾಕಿಕೊಳ್ಳುತ್ತೇನೆ, ತೋಳು ಮಣಿಕಟ್ಟಿನವರೆಗೂ ಇರಬೇಕು ಅಂತ ಟೀಚರ್ ಎರಡೆರಡು ಸಲ ಹೇಳಿ ಹೋಗಿದ್ದರು.

ಅಮ್ಮ ಪರದೆಗಳ ಗಂಟನ್ನು ಹೊತ್ತು ಹೊರಟಳು. ಹೊರಡುವ ಮೊದಲು ಟೇಬಲ್ ಕೆಳಗೆ ಬಗ್ಗಿ ನೋಡಿದಳು.

“ಬಾಬಿನ್, ನಾನು ಬರೋದು ಸಾಯಂಕಾಲ ಆಗುತ್ತೆ. ಆ ತುಂಡುಗಳಿಗೆ ಸ್ಪ್ರೇ ಹೊಡೆದು ಇಸ್ತ್ರಿ ಮಾಡಿಡ್ತೀಯಾ? ದೂರದಿಂದ ಹೊಡಿ, ಮಂಜು ಬಿದ್ದ ಹಾಗಿರಬೇಕು. ಬಿಸಿ ಕಮ್ಮಿ ಇಟ್ಕೋ.”

ಬಾಬಿನ್ ಎದ್ದ ರಭಸಕ್ಕೆ ತಲೆ ಟೇಬಲ್ಲಿಗೆ ಹೊಡೆಯಿತು. ತನ್ನ ಯೂನಿಫಾರ್ಮಿಗೆ ಅವಳೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದಳು, ಅದೇನೂ ಹೊಸದಲ್ಲ. ಆದರೆ ಹೊರಗಿನವರ ಬಟ್ಟೆಯನ್ನು ಅಮ್ಮ ಅವಳ ಕೈಗೆ ಕೊಟ್ಟದ್ದು ಇದೇ ಮೊದಲು.

ಟೇಬಲ್ ಮೇಲೆ ತುಂಡುಗಳಿದ್ದವು: ಬೆನ್ನಿನದು ಒಂದು, ಎದೆಯದು ಎರಡು, ತೋಳುಗಳು ಎರಡು, ಕಾಲರಿನ ಪಟ್ಟಿ. ಪ್ರತಿಯೊಂದರ ಮೇಲೂ ಅಮ್ಮ ದರ್ಜಿಗಳ ಚಪ್ಪಟೆ ಸೀಮೆಸುಣ್ಣದಿಂದ ಎಳೆದ ಸಣ್ಣ ಬಿಳಿ ಗೆರೆಗಳು. ಇಲ್ಲಿ ಮಡಿಕೆ ಹಿಡಿಯಬೇಕು, ಇಲ್ಲಿ ತೋಳು ಸೇರಬೇಕು, ಇಲ್ಲಿಂದ ಹೊಲಿಗೆ ಶುರು. ಓದಲು ಬರುವವರಿಗೆ ಅದರಲ್ಲಿ ಇಡೀ ಅಂಗಿ ಕಾಣುತ್ತಿತ್ತು.

ಬೆನ್ನಿನ ತುಂಡು ಬಹಳ ಚೆನ್ನಾಗಿ ಆಯಿತು. ಮಂಜು ಬಿದ್ದ ಹಾಗೇ ಬಿತ್ತು. ಇಸ್ತ್ರಿ ಮಾಡಿ ಎತ್ತಿ ಹಿಡಿದರೆ ಬಟ್ಟೆ ನೆಟ್ಟಗೆ ನಿಂತಿತು. ಗೆರೆಗಳೂ ಅಲ್ಲಲ್ಲೇ ಇದ್ದವು.

ಎದೆಯ ತುಂಡಿಗೆ ಗುರಿಯಿಟ್ಟು ಒತ್ತಿದಳು. ಡಬ್ಬಿ ಬುಸ್ ಅನ್ನುವ ಬದಲು ಪುಸ್ ಅಂದಿತು. ಆಮೇಲೆ ಅದೂ ಅನ್ನಲಿಲ್ಲ. ಕುಲುಕಿದಳು, ತಿರುವಿದಳು, ಪಿನ್ನಿನಿಂದ ತೂತನ್ನು ಚುಚ್ಚಿದಳು. ತುದಿಯಲ್ಲಿ ಒಂದು ಹನಿ ಬಂದು ನಿಂತಿತು, ಅಷ್ಟೇ. ಅಂಗಡಿಗೆ ಓಡೋಣವೆಂದರೆ ಪರ್ಸು ಅಮ್ಮನ ಜೊತೆ ಹೋಗಿತ್ತು.

ಇಲ್ಲಿಗೆ ನಿಲ್ಲಿಸಿ, ‘ಡಬ್ಬಿ ಖಾಲಿ ಆಯ್ತಮ್ಮ’ ಅಂತ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೊದಲನೇ ಸಲ ಕೊಟ್ಟ ಕೆಲಸ. ಕಾಲು ಭಾಗ ಮಾಡಿ ಕೈ ಕಟ್ಟಿ ಕೂತರೆ ಎರಡನೇ ಸಲ ಯಾರು ಕೊಡುತ್ತಾರೆ?

ಬಾಬಿನ್ ಅಡುಗೆಮನೆಗೆ ಹೋದಳು. ಅಜ್ಜಿ ಟೀ ಲೋಟ ತೊಳೆಯುತ್ತಿದ್ದಳು.

“ಅಜ್ಜಿ, ನಿನ್ನ ಗಂಜಿ ಮಾಡೋದು ಹೇಗೆ?”

ಅಜ್ಜಿ ಲೋಟ ಕೆಳಗಿಟ್ಟಳು. ಎಷ್ಟೋ ಕಾಲದಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು. ಯಾವ ಬಟ್ಟೆಗೆ, ಯಾಕೆ ಅಂತ ವಿಚಾರಿಸುವಷ್ಟು ತಾಳ್ಮೆ ಅವಳಲ್ಲಿ ಉಳಿಯಲಿಲ್ಲ. ಕಾರ್ನ್‌ಫ್ಲೋರಿನ ಡಬ್ಬಿ ಕೆಳಗಿಳಿಯಿತು. ಮೊದಲು ತಣ್ಣೀರಿನಲ್ಲಿ ಕದಡಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಆಮೇಲೆ ಕುದಿಯುವ ನೀರಿಗೆ ಸುರಿದು ಕೈ ಬಿಡದೆ ತಿರುವಬೇಕು. ಹಾಲಿನ ಬಣ್ಣ ಹೋಗಿ ಗಾಜಿನ ಬಣ್ಣ ಬಂದಾಗ ಇಳಿಸಬೇಕು. ಸೋಸಬೇಕು, ಆರಿಸಬೇಕು, ನೀರು ಬೆರೆಸಬೇಕು. ಬೆರಳಿಗೆ ಅಂಟಬೇಕು, ಆದರೆ ಬಂದ ನೆಂಟರ ಹಾಗೆ ಅಲ್ಲೇ ಕೂತುಬಿಡಬಾರದು.

“ಮುಳುಗಿಸೋದಾದರೆ ಪೂರ್ತಿ ಮುಳುಗಿಸು,” ಅಂದಳು ಅಜ್ಜಿ. “ಅರ್ಧಂಬರ್ಧ ಅದ್ದಿದರೆ ಕಲೆ ನಿಲ್ಲುತ್ತೆ.” ಅಷ್ಟು ಹೇಳಿ ಒಳಗೆ ಹೋಗಿ ಅಡ್ಡಾದಳು.

ಬಾಬಿನ್ ಪೂರ್ತಿ ಮುಳುಗಿಸಿದಳು. ಎದೆಯ ಎರಡು ತುಂಡು, ಎರಡು ತೋಳು, ಕಾಲರ್ ಪಟ್ಟಿ. ಬಟ್ಟೆ ಗಂಜಿಯೊಳಗೆ ಕಡುನೀಲಿಯಾಗಿ ಸುಮ್ಮನೆ ಮಲಗಿತು. ಮೆಲ್ಲಗೆ ಹಿಂಡಿ, ಹಿತ್ತಲಿನ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದಳು.

ಆಗ ನೋಡಿದಳು. ಗೆರೆಗಳು ಇರಲಿಲ್ಲ.

ಅವಳು ಹೆದರಲಿಲ್ಲ, ಇನ್ನೂ. ಕ್ಲಾಸಿನಲ್ಲಿ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಅಕ್ಷರಗಳು ಮಾಯವಾಗುತ್ತವೆ. ಬೋರ್ಡು ಒಣಗುತ್ತಿದ್ದ ಹಾಗೆ ಮಸುಕು ಮಸುಕಾಗಿ ವಾಪಸ್ ಬರುತ್ತವೆ. ಇದೂ ಹಾಗೇ ಇರಬೇಕು. ಒಣಗಲಿ, ಬರುತ್ತವೆ. ಅವಳು ಕಲ್ಲಿನ ಮೇಲೆ ಕೂತು ಕಾದಳು.

ತೆಳ್ಳನೆಯ ಬಟ್ಟೆ, ಬಿಸಿಲೂ ಇತ್ತು. ತುಂಡುಗಳು ಬೇಗ ಒಣಗಿದವು. ಒಣಗಿ ಗಾಳಿಗೆ ಹಪ್ಪಳದಂತೆ ಪಟಪಟ ಅಂದವು. ಗೆರೆಗಳು ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು, ಓರೆ ಮಾಡಿ ನೋಡಿದಳು, ಹಿಂದುಮುಂದು ತಿರುಗಿಸಿ ನೋಡಿದಳು. ಬರೀ ನೀಲಿ.



ಬೀದಿಯ ತಿರುವಿನಲ್ಲಿ ಯಾರದೋ ಚಪ್ಪಲಿ ಸದ್ದು ಕೇಳಿದಾಗೆಲ್ಲ ಅಮ್ಮನೇ ಬಂದಳು ಅನ್ನಿಸುತ್ತಿತ್ತು. ಬಾಬಿನ್ ಅವಸರ ಅವಸರವಾಗಿ ಇಸ್ತ್ರಿ ಮಾಡಿದಳು. ಆಮೇಲೆ ಅಮ್ಮನ ಡ್ರಾಯರಿನಿಂದ ಚಪ್ಪಟೆ ಸೀಮೆಸುಣ್ಣ ತೆಗೆದಳು. ಅಮ್ಮ ಗೆರೆ ಹಾಕುವುದನ್ನು ಅವಳು ನೂರಾರು ಸಲ ನೋಡಿದ್ದಳು. ಸೊಂಟದ ಹತ್ತಿರ ಮಡಿಕೆಗೆ ಒಂದು ಉದ್ದನೆಯ ಗೆರೆ, ಸುಮಾರು ಇಲ್ಲಿ. ಇನ್ನೊಂದು ಈ ಕಡೆ, ಸುಮಾರು ಅಲ್ಲಿ. ತೋಳಿನ ನೆತ್ತಿಗೆ ಒಂದು ಗುರುತು. ಒಂದು ಗೆರೆ ಸ್ವಲ್ಪ ಓರೆ ಹೋಯಿತು. ಒರೆಸಲು ಹೋದರೆ ಹರಡಿತು. ಹಾಗೇ ಬಿಟ್ಟಳು.

ಎಲ್ಲವನ್ನೂ ಒಂದರ ಮೇಲೊಂದು ಜೋಡಿಸುವಾಗ ಎದೆಯ ತುಂಡುಗಳು ಬೆನ್ನಿಗಿಂತ ಒಂದಿಷ್ಟು ಗಿಡ್ಡ ಕಂಡವು. ಹಿಂದೆ ಮುಂದೆ ಒಂದೇ ಉದ್ದ ಇರಬೇಕು ಅಂತ ಯಾರು ಹೇಳಿದ್ದಾರೆ, ಅಂದುಕೊಂಡಳು. ಯಾರೂ ಹೇಳಿರಲಿಲ್ಲ, ನಿಜ. ಆದರೂ ಬೆನ್ನಿನ ತುಂಡನ್ನು ಎಲ್ಲದರ ಮೇಲೆ ಇಟ್ಟಳು.

ಅಮ್ಮ ಬಂದಾಗ ಮುಖ ಬಾಡಿತ್ತು. ಡಾಕ್ಟರಿಗೆ ಪರದೆಯ ಬಣ್ಣ ಹಿಡಿಸಲು ಬಹಳ ಹೊತ್ತು ಬೇಕಾಯಿತಂತೆ. ಟೇಬಲ್ ಮೇಲಿನ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಗರಿಗರಿ ಅಂದಿತು. ಅಮ್ಮನ ಮುಖ ಅರಳಿತು.

“ಇನ್ನು ಮೇಲೆ ನೀನೇ ನನ್ನ ಅಸಿಸ್ಟೆಂಟು,” ಅಂದಳು. “ನಾಳೆ ಹೊಲಿದು ಮುಗಿಸ್ತೀನಿ.”

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಬಾಬಿನ್ ಬಾಯಿ ತೆರೆದದ್ದೂ ನಿಜ. ಆದರೆ ಹೊರಗೆ ಬಂದದ್ದು, “ಊಟಕ್ಕೆ ತಟ್ಟೆ ಹಾಕ್ಲಾ?”

ಮರುದಿನ ಸ್ಕೂಲಿನಲ್ಲಿ ಟೀಚರ್ ಗೆರೆಗಳ ಪಾಠ ಮಾಡಿದರು. ಗಣಿತದ ಪುಸ್ತಕದಲ್ಲಿ ಭಾಗಾಕಾರ ಇತ್ತು, ಗಡಿಯಾರ ಇತ್ತು, ಮಾವಿನಹಣ್ಣು ಹಂಚುವ ಲೆಕ್ಕ ಇತ್ತು. ಅದೆಲ್ಲ ಬಿಟ್ಟು ಅವತ್ತೇ ಗೆರೆಗಳ ಪಾಠ ಬರಬೇಕಿತ್ತು. ಟೀಚರ್ ಸ್ಕೇಲಿಟ್ಟು ಬೋರ್ಡಿನ ಮೇಲೆ ನೆಟ್ಟನೆಯ ಗೆರೆ ಎಳೆದು, ಅಂದಾಜಿನಲ್ಲಿ ಎಳೆದರೆ ಮಾರ್ಕ್ಸ್ ಕೊಡಲ್ಲ ಅಂತ ಮೊದಲೇ ಎಚ್ಚರಿಸಿದರು. ಬಾಬಿನ್ ತನ್ನ ನೋಟ್ ಪುಸ್ತಕದಲ್ಲಿ ಎಳೆದ ಗೆರೆ ಅಲ್ಲಿ ಕೂಡ ಸ್ವಲ್ಪ ಓರೆಯಾಗಿತ್ತು.

ಬೆಲ್ ಹೊಡೆದ ಮೇಲೆ ಟೀಚರ್ ಅವಳ ಡೆಸ್ಕಿನ ಹತ್ತಿರ ಬಂದರು. ಅಂಗಿ ಶುರುವಾಯಿತಾ ಅಂತ ಕೇಳಿದರು. ಬಾಬಿನ್ ತಲೆಯಾಡಿಸಿದಳು. ಆ ತಲೆಯಾಟ ಹೌದೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಟೀಚರ್ ಅದನ್ನು ಹೌದು ಅಂತ ತೆಗೆದುಕೊಂಡರು.

“ಅಕ್ಕನಿಗೆ ಫೋಟೋ ಕಳಿಸ್ತೀನಿ ಅಂದಿದೀನಿ,” ಅಂದರು ನಗುತ್ತಾ. “ಅವಳು ಬಟ್ಟೆ ಕೊಟ್ಟು ಎರಡು ವರ್ಷ ಆಯ್ತು. ಯಾರ ಕೈಗೆ ಕೊಡೋದಕ್ಕೂ ಧೈರ್ಯ ಇರಲಿಲ್ಲ. ನಿಮ್ಮಮ್ಮ ಅಂದ ಮೇಲೆ ಕೊಟ್ಟೆ.”

ಪಕ್ಕದಲ್ಲಿ ಕೂರುವ ಎರಡು ಜಡೆಯ ಹುಡುಗಿ, ಅವಳನ್ನು ಎಲ್ಲರೂ ಎರಡುಜಡೆ ಅಂತಲೇ ಕರೆಯುತ್ತಿದ್ದರು, ಬಾಬಿನ್ನಿನ ಬೆನ್ನಿಗೊಂದು ಗುದ್ದಿದಳು. “ಏನೇ, ಟೀಚರ್ ನಿಮ್ಮಮ್ಮನ್ನ ಇಷ್ಟು ಹೊಗಳಿದರೆ ನೀನ್ಯಾಕೆ ಹಲ್ಲುನೋವು ಬಂದವಳ ತರ ಕೂತಿದೀಯಾ?”

ಹಲ್ಲುನೋವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅದಕ್ಕೆ ಡಾಕ್ಟರು ಇದ್ದಾರೆ, ಹೊಸ ಪರದೆಯ ಸಮೇತ.

ಮನೆಗೆ ಬರುವ ದಾರಿ ಅವತ್ತು ಬಹಳ ಬೇಗ ಮುಗಿಯಿತು. ಬಾಗಿಲ ಹತ್ತಿರ ಬಂದಾಗ ಮಿಷನ್ನಿನ ಸದ್ದು ಇರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಚಪ್ಪಲಿ ಬಿಟ್ಟು ಒಳಗೆ ಇಣುಕಿದಳು.

ಅಮ್ಮ ಮಿಷನ್ನಿನ ಮುಂದೆ ಕೂತಿದ್ದಳು. ಕನ್ನಡಕ ತೆಗೆದು ಬಟ್ಟೆಯ ಚೂರೊಂದರಿಂದ ಒರೆಸುತ್ತಿದ್ದಳು. ಒರೆಸಿ ಹಾಕಿಕೊಂಡಳು. ಎದೆಯ ತುಂಡನ್ನು ಬೆನ್ನಿನ ತುಂಡಿನ ಮೇಲಿಟ್ಟು ನೋಡಿದಳು. ಕನ್ನಡಕವನ್ನು ಮತ್ತೆ ತೆಗೆದಳು.

“ಅತ್ತೆ, ಇಲ್ಲಿ ನೋಡಿ,” ಅಂದಳು. ದನಿ ತಗ್ಗಿತ್ತು. “ಮುಂಭಾಗ ಗಿಡ್ಡ ಕತ್ತರಿಸಿದೀನಿ. ಗೆರೆ ನೋಡಿ, ಒಂದೊಂದು ಒಂದೊಂದು ದಿಕ್ಕಿಗೆ. ಇದು ನಾನೇ ಹಾಕಿದ್ದಾ?”

ಅಜ್ಜಿ ತುಂಡನ್ನು ಕಣ್ಣಿನ ಹತ್ತಿರ ತಂದು ನೋಡಿದಳು.  ಈ ಸಲ ಕೆಮ್ಮಲಿಲ್ಲ.

“ಇಷ್ಟು ವರ್ಷದಲ್ಲಿ ಯಾರ ಬಟ್ಟೆನೂ ಹೀಗೆ ಕೆಡಿಸಿರಲಿಲ್ಲ,” ಅಂದಳು ಅಮ್ಮ. “ಕಣ್ಣು ಮೊದಲಿನ ಹಾಗಿಲ್ಲ ಅನ್ಸುತ್ತೆ. ಇನ್ನು ಮೇಲೆ ದಿಂಬಿನ ಕವರು, ಪರದೆ, ಅಷ್ಟೇ ಸಾಕೇನೋ. ಅಂಗಿ ಬೇಡ.”

ಬಾಬಿನ್ ಬಾಗಿಲಲ್ಲೇ ನಿಂತಿದ್ದಳು. ರಾತ್ರಿಯಿಂದ ಅವಳು ಎಷ್ಟೋ ಬಗೆಯಲ್ಲಿ ಬೈಸಿಕೊಂಡು ನೋಡಿದ್ದಳು, ಮನಸ್ಸಿನಲ್ಲೇ. ಅಮ್ಮ ಕೂಗುವುದು, ಅಮ್ಮ ಮಾತು ಬಿಡುವುದು, ಟೀಚರ್ ಎಲ್ಲರೆದುರು ನಿಲ್ಲಿಸುವುದು. ಅಮ್ಮ ತನ್ನ ಕಣ್ಣನ್ನೇ ಬೈದುಕೊಳ್ಳುತ್ತಾಳೆ ಅನ್ನುವುದು ಅದರಲ್ಲಿ ಇರಲಿಲ್ಲ.

ಅಮ್ಮ ತಲೆ ಕೊಡವಿ ತುಂಡನ್ನು ಸೂಜಿಯ ಕೆಳಗಿಟ್ಟಳು. ಆದದ್ದಾಗಲಿ, ಗೆರೆ ಇದ್ದಲ್ಲೇ ಮಡಿಕೆ ಹಿಡಿದು ನೋಡೋಣ ಅಂತ ಕಾಲನ್ನು ಪೆಡಲಿನ ಮೇಲೆ ಇಟ್ಟಳು.

“ಆ ಗೆರೆ ನಿಂದಲ್ಲ ಅಮ್ಮ,” ಅಂದಳು ಬಾಬಿನ್. “ನಾನು ಹಾಕಿದ್ದು.”

ಅಮ್ಮನ ಕಾಲು ಪೆಡಲಿನ ಮೇಲೇ ನಿಂತಿತು.

ಒಮ್ಮೆ ಶುರುವಾದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಡಬ್ಬಿ ಪುಸ್ ಅಂದದ್ದು, ಅಜ್ಜಿಯ ಗಂಜಿ, ಪೂರ್ತಿ ಮುಳುಗಿಸಿದ್ದು, ಬೋರ್ಡಿನ ಹಾಗೆ ವಾಪಸ್ ಬರುತ್ತವೆ ಅಂತ ಕಾದದ್ದು, ಬಾರದೇ ಇದ್ದದ್ದು. ಹೇಳುತ್ತಾ ಹೇಳುತ್ತಾ ಅವಳು ನೆಲ ನೋಡುತ್ತಿದ್ದಳು. ನೆಲದ ಮೇಲೆ ನಿನ್ನೆ ಹೆಕ್ಕದೆ ಬಿಟ್ಟ ಒಂದು ಗುಂಡುಪಿನ್ನು ಇತ್ತು. ಅದನ್ನೇ ನೋಡಿದಳು.

ಅಜ್ಜಿಗೆ ತನ್ನ ಹೆಸರು ಬಂದದ್ದು ಹಿಡಿಸಲಿಲ್ಲ. “ನಾನು ಹೇಳಿದ್ದು ಇಡೀ ಬಟ್ಟೆಗೆ. ಕತ್ತರಿಸಿದ ತುಂಡಿಗೆ ಯಾರಾದರೂ ಗಂಜಿ ಅದ್ದುತ್ತಾರಾ?” ಅಂತ ಗೊಣಗಿದಳು. ಆಮೇಲೆ, “ಕೇಳಬೇಕಿತ್ತು ನಾನು, ಯಾವ ಬಟ್ಟೆಗೆ ಅಂತ,” ಎಂದು ಇನ್ನೂ ಸಣ್ಣಗೆ ಸೇರಿಸಿದಳು.

 ಅಮ್ಮ ಕನ್ನಡಕ ಹಾಕಿಕೊಂಡಳು. ಈ ಸಲ ತೆಗೆಯಲಿಲ್ಲ.

“ಗೆರೆ ಹೋಯ್ತು ಅಂತ ನಿನ್ನೆನೇ ಹೇಳಿದ್ದರೆ ಬೈತಿದ್ದೆ,” ಅಂದಳು. “ಚೆನ್ನಾಗೇ ಬೈತಿದ್ದೆ. ಅಲ್ಲಿಗೆ ಮುಗೀತಿತ್ತು.”

ಓರೆ ಹೋದ ಗೆರೆಯ ಮೇಲೆ ಬೆರಳಿಟ್ಟಳು.

“ಹೊಸ ಗೆರೆ ಯಾಕೆ ಹಾಕಿದೆ? ನಾನು ಗೆರೆ ನೋಡಿ ಹೊಲಿಯೋಳು ಕಣೇ. ಅದು ಸುಳ್ಳಾಗಿದ್ದರೆ ನಾನು ಏನು ಮಾಡಲಿ?”

 ಬಾಬಿನ್ ಬಗ್ಗಿ ಗುಂಡುಪಿನ್ನನ್ನು ಎತ್ತಿ ಟೇಬಲ್ ಮೇಲಿಟ್ಟಳು.

ಅಮ್ಮ ಎದ್ದು ಟೇಪು ಕೊರಳಿಗೆ ಹಾಕಿಕೊಂಡಳು. ಅಳತೆಗೆ ಅಂತ ಟೀಚರ್ ತಮ್ಮ ಹಳೆಯ ಅಂಗಿಯೊಂದನ್ನು ಬಿಟ್ಟುಹೋಗಿದ್ದರು. ಅದನ್ನು ಹರಡಿ, ಪಕ್ಕದಲ್ಲಿ ತುಂಡುಗಳನ್ನು ಹರಡಿ, ಅಳೆದಳು. ಗೆರೆಗಳನ್ನು ಮತ್ತೆ ಹಾಕಬಹುದಿತ್ತು, ಅದು ದೊಡ್ಡ ವಿಷಯವಲ್ಲ. ತೊಂದರೆ ಬೇರೆ ಇತ್ತು. ಈ ಬಟ್ಟೆ ನೀರು ಕಂಡರೆ ಕುಗ್ಗುವ ಜಾತಿಯದ್ದು. ಗಂಜಿಗೆ ಬಿದ್ದ ತುಂಡುಗಳು ಕುಗ್ಗಿದ್ದವು, ಬೆನ್ನು ಕುಗ್ಗಿರಲಿಲ್ಲ. ಹೀಗೇ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಬೆನ್ನು ಮುದುಡಿಕೊಳ್ಳುತ್ತದೆ, ಅಂಗಿ ಗೂನು ಬಂದವರ ಹಾಗೆ ಕಾಣುತ್ತದೆ.

“ಹಾಗಾದರೆ ಬೆನ್ನನ್ನೂ ಮುಳುಗಿಸಬೇಕು,” ಅಂದಳು ಅಜ್ಜಿ.

“ಹೌದು,” ಅಂದಳು ಅಮ್ಮ. “ನಿಮ್ಮ ಗಂಜಿಯಲ್ಲೇ.”

ಅಜ್ಜಿಗೆ ಗೆದ್ದ ಖುಷಿ ಬರಬೇಕಿತ್ತು. ಆದರೆ ಅವಳು ಸುಮ್ಮನೆ ಹೋಗಿ ಪಾತ್ರೆ ತೊಳೆದಿಟ್ಟಳು. ಗಂಜಿ ತಿರುವುವ ಕೆಲಸವನ್ನು ಅಮ್ಮ ಬಾಬಿನ್ನಿಗೇ ಕೊಟ್ಟಳು. ಬಾಬಿನ್ ಇದನ್ನು ನಿರೀಕ್ಷಿಸಿರಲಿಲ್ಲ. ಸೌಟು ಹಿಡಿದ ಕೈ ಹಾಲಿನ ಬಣ್ಣ ಹೋಗುವವರೆಗೂ ನಿಲ್ಲಲಿಲ್ಲ. ಈ ಸಲ ಬಟ್ಟೆ ಮುಳುಗಿಸುವ ಮೊದಲು ಅಮ್ಮ ಪ್ರತಿ ಗುರುತಿನಲ್ಲೂ ಬಿಳಿ ದಾರದ ಒಂದೊಂದು ಕಚ್ಚಾ ಹೊಲಿಗೆ ಹಾಕಿದಳು. ದಾರ ಗಂಜಿಗೆ ಕರಗುವುದಿಲ್ಲ.

ಬೆನ್ನು ಒಣಗಿತು, ಉಳಿದ ತುಂಡುಗಳಷ್ಟೇ ಕುಗ್ಗಿತು. ಅಮ್ಮ ಗೆರೆಗಳನ್ನು ಅಳೆದು ಹೊಸದಾಗಿ ಹಾಕಿ, ಸುತ್ತಲೂ ಹೊಲಿಗೆಯ ಒಳಗೆ ಮಡಚಲು ಬಿಟ್ಟಿದ್ದ ಅಂಚನ್ನು ಚೂರೂ ಬಿಡದೆ ಉಪಯೋಗಿಸಿದಳು. ಪಕ್ಕೆಗಳು ಸರಿಹೋದವು, ಉದ್ದ ಸರಿಹೋಯಿತು, ಕಾಲರ್ ಕೂತಿತು. ಗರಿಗರಿ ಬಟ್ಟೆ ಸೂಜಿಯ ಕೆಳಗೆ ಅಲುಗಾಡದೆ ಹೋಯಿತು. ಹೊಲಿಗೆ ಸ್ಕೇಲಿಟ್ಟು ಎಳೆದ ಹಾಗೆ ಬಂತು. ತೋಳಿಗೆ ಮಾತ್ರ ಬಿಚ್ಚಲು ಅಂಚೇ ಇರಲಿಲ್ಲ. ಬಟ್ಟೆ ಅಷ್ಟೇ ಇತ್ತಲ್ಲ, ತೋಳನ್ನು ಅಳತೆಗೆ ಸರಿಯಾಗಿ ಕತ್ತರಿಸಿದ್ದಳು. ಅದು ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ನಿಲ್ಲಬೇಕು.

ಶುಕ್ರವಾರ ಸಾಯಂಕಾಲ ಟೀಚರ್ ಬಂದರು. ಬಾಬಿನ್ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಳು. 

ಟೀಚರ್ ಒಳಗಿನ ಕೋಣೆಯಿಂದ ಅಂಗಿ ಹಾಕಿಕೊಂಡು ಬಂದರು. ಕನ್ನಡಿಯ ಮುಂದೆ ನಿಂತರು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. ನೀಲಿ ಅವರ ಮುಖಕ್ಕೆ ಒಪ್ಪಿತ್ತು. ಆಮೇಲೆ ಕೈ ಮುಂದೆ ಚಾಚಿದರು. ತೋಳು ಮಣಿಕಟ್ಟಿಗೆ ಬರದೆ ಬಹಳ ಮೇಲೆಯೇ ನಿಂತಿತ್ತು. ಅದು ಉದ್ದ ತೋಳೂ ಅಲ್ಲ, ಗಿಡ್ಡ ತೋಳೂ ಅಲ್ಲ. ಟೀಚರ್ ಅದನ್ನು ಎಳೆದು ನೋಡಿದರು. ಬಿಟ್ಟ ಕೂಡಲೇ ಅದು ತನ್ನ ಜಾಗಕ್ಕೆ ಹೋಯಿತು.

“ಫುಲ್ ತೋಳು ಅಂದಿದ್ದೆ,” ಅಂದರು ಟೀಚರ್.

“ಅಂದಿದ್ರಿ,” ಅಂದಳು ಅಮ್ಮ. “ಈ ಬಟ್ಟೆನ ಕತ್ತರಿಸೋ ಮೊದಲೇ ನೆನೆಸಿ ಗಂಜಿ ಹಾಕಬೇಕಿತ್ತು. ನಾನು ಅವಸರದಲ್ಲಿ ಹಾಗೇ ಕತ್ತರಿಸಿದೆ. ಅದು ನನ್ನ ತಪ್ಪು.”

ಅಷ್ಟು ಹೇಳಿ ಅಮ್ಮ ನಿಲ್ಲಿಸಿದಳು. ಅಜ್ಜಿ ಗುಂಡಿಯ ಡಬ್ಬಿಯಲ್ಲಿ ಏನೋ ಹುಡುಕತೊಡಗಿದಳು. 

ಬಾಬಿನ್ ಕಾದಳು. ಅಮ್ಮ ಮುಂದಿನದನ್ನೂ ಹೇಳುತ್ತಾಳೆ ಅಂದುಕೊಂಡಿದ್ದಳು. ಹೇಳಲಿಲ್ಲ. ಅವಳ ಕಡೆ ತಿರುಗಿಯೂ ನೋಡಲಿಲ್ಲ, ಟೇಪನ್ನು ಸುತ್ತುತ್ತಾ ನಿಂತಿದ್ದಳು. ಅಮ್ಮ ಸುಳ್ಳು ಹೇಳಿರಲಿಲ್ಲ, ಪೂರ್ತಿಯನ್ನೂ ಹೇಳಿರಲಿಲ್ಲ. ತನ್ನ ಪಾಲಿನದನ್ನು ಮಾತ್ರ ಹೇಳಿದ್ದಳು. ಉಳಿದದ್ದು ಹಾಗೇ ಇತ್ತು. ಅದು ಅಮ್ಮನದಾಗಿರಲಿಲ್ಲ, ಅದಕ್ಕೇ ಅವಳು ಅದನ್ನು ಮುಟ್ಟಲಿಲ್ಲ. ಬಾಬಿನ್ ಸುಮ್ಮನಿದ್ದರೆ ಟೀಚರಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ.

“ಟೀಚರ್,” ಅಂದಳು. ಬಾಗಿಲು ಬಿಟ್ಟು ಈಚೆ ಬಂದಳು. “ಸ್ಪ್ರೇ ಮಾಡು ಅಂದಿದ್ದರು ಅಮ್ಮ. ಅದು ಖಾಲಿ ಆಯ್ತು. ನಾನು ಯಾರನ್ನೂ ಕೇಳದೆ ಗಂಜಿಗೆ ಹಾಕಿದೆ. ಗೆರೆ ಎಲ್ಲ ಹೋಯ್ತು. ಆಮೇಲೆ ನಾನೇ ಅಂದಾಜಿನಲ್ಲಿ ಗೆರೆ ಹಾಕಿ ಇಟ್ಟೆ. ಅಮ್ಮನಿಗೆ ಹೇಳಲಿಲ್ಲ.”

ಟೀಚರ್ ಅವಳನ್ನು ನೋಡಿದರು. ಮತ್ತೆ ತೋಳನ್ನು ನೋಡಿಕೊಂಡರು.

“ನಿನ್ನೆ ನಾನು ಕೇಳಿದಾಗ ತಲೆಯಾಡಿಸಿದೆಯಲ್ಲ, ಆಗ ಗೊತ್ತಿತ್ತಾ?”

“ಗೊತ್ತಿತ್ತು.”

ಪರವಾಗಿಲ್ಲ ಅಂತ ಟೀಚರ್ ಅನ್ನಲಿಲ್ಲ. ಬಾಬಿನ್ ಅದಕ್ಕಾಗಿ ಕಾದಿದ್ದಳು, ಸ್ವಲ್ಪ. ಟೀಚರ್ ಕೋಣೆಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದರು. ಹೊಲಿಗೆ ಬಹಳ ನೀಟಾಗಿದೆ ಅಂತ ಅಮ್ಮನಿಗೆ ಹೇಳಿದರು. ಗಂಜಿ ಹೋಗಲು ಒಮ್ಮೆ ಒಗೆಯಬೇಕಾ ಅಂತ ಕೇಳಿದರು, ತಣ್ಣೀರಿನಲ್ಲಿ ಅಂತ ಅಜ್ಜಿ ಹೇಳಿದಳು. ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಹೋಗುವಾಗ ಬಾಬಿನ್ನಿನ ತಲೆ ಸವರಲಿಲ್ಲ, ಆದರೆ “ನಾಳೆ ಬೇಗ ಬಾ” ಅಂದರು.

ಬಾಗಿಲು ಹಾಕಿದ ಮೇಲೆ ಅಮ್ಮ ಮಿಷನ್ನಿಗೆ ಮುಸುಕು ಹಾಕಿದಳು. ಬಾಬಿನ್ ಊಟಕ್ಕೆ ತಟ್ಟೆ ಹಾಕಿದಳು. ಬುಧವಾರದಿಂದ ಇಲ್ಲದಿದ್ದ ಹಸಿವು ಈಗ ಬಂದಿತ್ತು.

ಶನಿವಾರ ಫೋಟೋಗ್ರಾಫರ್ ಬಂದ. ಎತ್ತರದವರು ಹಿಂದೆ, ಗಿಡ್ಡನೆಯವರು ಮುಂದೆ ಅಂತ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ. ಟೀಚರ್ ನೀಲಿ ಅಂಗಿಯಲ್ಲಿ ಬಂದು ಮಧ್ಯದಲ್ಲಿ ನಿಂತರು. ಬಾಬಿನ್ ಅವರ ಪಕ್ಕದಲ್ಲೇ ಇದ್ದಳು. ಫೋಟೋಗ್ರಾಫರ್ ಕ್ಯಾಮೆರಾಗೆ ಕಣ್ಣಿಟ್ಟ. ಟೀಚರ್ ಒಮ್ಮೆ ತಮ್ಮ ಕೈಗಳನ್ನು ನೋಡಿಕೊಂಡರು.

“ಎಲ್ಲರೂ ಕೈ ಬೆನ್ನ ಹಿಂದೆ ಇಟ್ಕೊಳ್ಳಿ,” ಅಂದರು.

ಯಾಕೆ ಮಿಸ್, ಅಂತ ಎರಡುಜಡೆ ಕೇಳಿದಳು. ಶಿಸ್ತು, ಅಂದರು ಟೀಚರ್.

ಫೋಟೋದಲ್ಲಿ ಯಾರಿಗೂ ಕೈಗಳಿಲ್ಲ.